ಕೀಲಿನೊಳಗಿನ ನೀರು

ಹಾವೇರಿಯಿಂದ ರಾಣೆಬೆನ್ನೂರಿನ ಕಡೆಗೆ ರೈಲಿನಲ್ಲಿ ಪ್ರಯಾಣ ಮಾಡುವವರಿಗೆ, ಮೆಣಸಿನಕಾಯಿಯ ಸುಗ್ಗಿಯ ದಿನಗಳಲ್ಲಿ, ಬ್ಯಾಡಗಿಯು ಸಮೀಪಿಸಿತೆಂಬ ಸಂಗತಿ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಅಂದು ಪೇಟೆಯ ದಿನವಾಗಿದ್ದರಂತೂ ಹೇಳುವುದೇ ಬೇಡ. ಆ ಕೆಂಪು ರಾಶಿಗಳ ವಿಷಯವಾಗಿ ಬರೆದವರು ಬಹುಮಂದಿ. ಕಾಯಿಯ ಬಣ್ಣ, ಅದರ ಸುಕ್ಕು, ಧಾರಣೆಯ ಏರಿಳಿತ, ೨೦೧೧ರಲ್ಲಿ ಅದಕ್ಕೆ ದೊರೆತ ಭೌಗೋಳಿಕ ಗುರುತು, ಇವೆಲ್ಲವೂ ಪತ್ರಿಕೆಗಳಲ್ಲಿ ಬಂದಿವೆ. ರಾಶಿಯ ಮಗ್ಗುಲಲ್ಲಿ ಕುಳಿತು ದಿನವಿಡೀ ಒಂದೊಂದೇ ಕಾಯಿಯ ತೊಟ್ಟನ್ನು ಬಿಡಿಸುವ ಹೆಂಗಸರ ಬೆರಳುಗಳ ವಿಷಯವಾಗಿ ಬರೆದವರು ಕಡಮೆ. ವಿಚಾರಿಸಿ ನೋಡಿದರೆ ನಮ್ಮ ಈ ಮೂರು ಊರುಗಳೂ ಬೆರಳುಗಳನ್ನೇ ನಂಬಿದ ಊರುಗಳು. ಹಾವೇರಿಯಲ್ಲಿ ಏಲಕ್ಕಿಯನ್ನು ಪೋಣಿಸಿ ಮಾಲೆ ಕಟ್ಟುತ್ತಾರೆ. ೨೦೨೩ರ ಜನವರಿಯಲ್ಲಿ ಸಾಹಿತ್ಯ ಸಮ್ಮೇಳನಕ್ಕೆಂದು ಬಂದವರು ಆ ಮಾಲೆಗಳನ್ನು ಕಂಡಿರಬಹುದು. ರಾಣೆಬೆನ್ನೂರಿನ ಸುತ್ತಮುತ್ತ ಸಂಕರ ಬೀಜದ ಬೆಳೆ. ಅಲ್ಲಿ ಹತ್ತಿಯ ಹೂಮೊಗ್ಗಿನ ಕೇಸರಗಳನ್ನು ಇಳಿಹೊತ್ತಿನಲ್ಲಿ ಉಗುರಿನಿಂದ ಬಿಡಿಸಿ, ಮರುದಿನ ಮುಂಜಾನೆ ಬೇರೊಂದು ಗಿಡದ ಪರಾಗವನ್ನು ಮುಟ್ಟಿಸಬೇಕು. ಜನ 'ಕ್ರಾಸಿಂಗ್' ಎಂದು ಕರೆಯುವ ಈ ಕೆಲಸ ಕೈಯಿಂದಲೇ ಆಗಬೇಕಾದದ್ದು; ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು.

ಇಂತಹ ಕಡೆಯಲ್ಲಿ, ಬೆರಳಿನ ಸಣ್ಣ ಕೀಲುಗಳನ್ನೇ ಮೊದಲು ಹಿಡಿಯುವ, ಗಂಡಸರಿಗಿಂತ ಹೆಂಗಸರನ್ನು ಎರಡು ಮೂರು ಪಟ್ಟು ಹೆಚ್ಚಾಗಿ ಕಾಡುವ, ಮುಂಜಾನೆಯ ಹೊತ್ತಿನಲ್ಲಿಯೇ ಅತಿಯಾಗಿ ಬಾಧಿಸುವ ರೋಗವೊಂದಿದೆಯೆಂದರೆ ಅದನ್ನು ಕುರಿತು ನಾವು ಸ್ವಲ್ಪ ಯೋಚಿಸಬೇಕಲ್ಲವೆ? ವೈದ್ಯರು ಅದನ್ನು ರುಮಟಾಯ್ಡ್ ಸಂಧಿವಾತವೆನ್ನುತ್ತಾರೆ. ಆಯುರ್ವೇದವು ಆಮವಾತವೆಂದು ವರ್ಣಿಸಿರುವ ವ್ಯಾಧಿಗೂ ಇದಕ್ಕೂ ಹೋಲಿಕೆ ಬಹಳ. ನಮ್ಮ ಜನ ಮಾತ್ರ ಇದನ್ನೂ, ವಯಸ್ಸಾದಂತೆ ಮೃದ್ವಸ್ಥಿಯು ಸವೆದು ಬರುವ ಮೊಣಕಾಲುನೋವನ್ನೂ 'ವಾಯು' ಎಂಬ ಒಂದೇ ಚೀಲದಲ್ಲಿ ತುಂಬಿಬಿಡುತ್ತಾರೆ.

ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವನು. ಈ ವಿಷಯಕ್ಕೆ ನಾನು ಕೈಹಾಕಿದುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನನ್ನನ್ನು ಇದರತ್ತ ಎಳೆದುದು ಒಂದು ಹನಿ ದ್ರವ. ದ್ರವಗಳ ಮೇಲೆ ನಮ್ಮವರಿಗೂ ಸ್ವಲ್ಪ ಹಕ್ಕುಂಟು.

ನನ್ನ ಸೋದರತ್ತೆಯವರು ಬ್ಯಾಡಗಿಯಲ್ಲಿ ಇಪ್ಪತ್ತು ವರ್ಷಗಳಿಂದ ತೊಟ್ಟು ಬಿಡಿಸುವ ಕೆಲಸ ಮಾಡಿದವರು. ಒಂದು ವರ್ಷ ದೀಪಾವಳಿಗೆ ಹೋಗಿದ್ದಾಗ, ಚಹದ ಬಟ್ಟಲನ್ನು ಎರಡು ಕೈಗಳಿಂದ ಹಿಡಿದುಕೊಂಡು ಕುಳಿತಿದ್ದರು. ಕೇಳಿದ್ದಕ್ಕೆ, "ಮುಂಜಾನೆ ಬೆರಳ ಮಡಚಾಕ ಬರೂದಿಲ್ಲೋ ತಮ್ಮಾ, ಹೊತ್ತೇರಿದ ಮ್ಯಾಲ ಸಡಲ ಆಕ್ಕಾವ" ಎಂದರು. ಆ ಹೊತ್ತಿಗಾಗಲೇ ಎಂಟು ತಿಂಗಳು ಸಂದಿದ್ದವು. ಎಣ್ಣೆ ತಿಕ್ಕಿದ್ದಾಯಿತು, ಶಾಖ ಕೊಟ್ಟದ್ದಾಯಿತು, ಹತ್ತಿರದವರು ಯಾರೋ ಹೇಳಿದ ಕಡೆ ಸೂಜಿ ಹಾಕಿಸಿಕೊಂಡದ್ದೂ ಆಯಿತು. ಸೂಜಿ ಹಾಕಿಸಿಕೊಂಡಾಗಲೆಲ್ಲ ಹದಿನೈದು ದಿನ ಹೂವಿನಂತಾಗುತ್ತಿತ್ತು. ಅನಂತರ ಮೊದಲಿಗಿಂತ ಒಂದು ಗುಂಜಿ ಹೆಚ್ಚು. ಕಡೆಗೆ ಮೊಣಕಾಲು ಕುಂಬಳದಂತೆ ಊದಿಕೊಂಡ ಮೇಲೆ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಅಲ್ಲಿಯ ವೈದ್ಯರು ಸೂಜಿಯಿಂದ ಕೀಲಿನ ನೀರನ್ನು ಹೊರತೆಗೆದರು. ಅದು ಅರಿಸಿನದ ಛಾಯೆಯ, ಮಬ್ಬಾದ ನೀರು. ಅವರು ಅದರ ಒಂದು ಹನಿಯನ್ನು ಸೂಜಿಯ ತುದಿಯಿಂದ ಗಾಜಿನ ಮೇಲೆ ಬಿಟ್ಟರು. ಹನಿ ತೊಟ್ಟಿಕ್ಕಿತು, ಅಷ್ಟೆ. "ಆರೋಗ್ಯದ ಕೀಲಾಗಿದ್ದರೆ ಇದು ಎಳೆಯಾಗಿ ಇಳಿಯಬೇಕಾಗಿತ್ತು, ನಾಲ್ಕಾರು ಸೆಂಟಿಮೀಟರ್ ಉದ್ದದ ನೂಲಿನ ಹಾಗೆ" ಎಂದು ಅವರು ಹೇಳಿದರು. ವರ್ಷ ವರ್ಷವೂ ಹರಳೆಣ್ಣೆಯಲ್ಲಿ ಉಕ್ಕಿನ ಗುಂಡುಗಳನ್ನು ಬೀಳಿಸಿ ವಿದ್ಯಾರ್ಥಿಗಳಿಗೆ ಸ್ನಿಗ್ಧತೆಯನ್ನು ಅಳೆಯಲು ಕಲಿಸುವ ನಾನು, ನಮ್ಮ ಮೊಣಕಾಲಿನೊಳಗೆ ಅಂತಹುದೇ ಪ್ರಯೋಗವೊಂದು ಹಗಲಿರುಳೂ ನಡೆದಿದೆಯೆಂಬುದನ್ನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಕೀಲಿನ ಈ ದ್ರವವನ್ನು ಹಿಂದಿನವರು ಬಲ್ಲರು. ಅಚ್ಚಿಗೆ ಎಣ್ಣೆ ಹಚ್ಚಿದಾಗ ಗಾಲಿಯು ಸರಾಗವಾಗಿ ತಿರುಗುವಂತೆ ಶ್ಲೇಷ್ಮದಿಂದ ಕೀಲುಗಳು ನಡೆಯುತ್ತವೆಂಬ ಹೋಲಿಕೆ ಸುಶ್ರುತ ಸಂಹಿತೆಯಲ್ಲಿದೆ. ನಮ್ಮ ರೈತರ ಚಕ್ಕಡಿಯ ಕೀಲೆಣ್ಣೆಯನ್ನು ಬಲ್ಲವರಿಗೆ ಅದನ್ನು ವಿವರಿಸಬೇಕಾದುದಿಲ್ಲ. ಹದಿನಾರನೆಯ ಶತಮಾನದ ಪ್ಯಾರಾಸೆಲ್ಸಸ್ ಎಂಬ ಐರೋಪ್ಯ ವೈದ್ಯನು ಇದಕ್ಕೆ ಸೈನೋವಿಯ ಎಂಬ ಹೆಸರನ್ನಿಟ್ಟನು. ನೋಟಕ್ಕೆ ಇದು ಕೋಳಿಮೊಟ್ಟೆಯ ಬಿಳಿಯಂತಿರುತ್ತದೆ. ಆರೋಗ್ಯವಂತನ ಮೊಣಕಾಲಿನಲ್ಲಿ ಇರುವುದು ಮೂರು ನಾಲ್ಕು ಮಿಲಿಲೀಟರಿನಷ್ಟು, ಎಂದರೆ ಒಂದು ಚಹದ ಚಮಚೆಗೂ ಕಡಮೆ. ಅದಕ್ಕೆ ಅಂಟುತನವನ್ನು ಕೊಡುವುದು ಹಯಲುರೊನಿಕ್ ಆಮ್ಲವೆಂಬ ನೀಳ ಸರಪಳಿಯ ಅಣು. ಕಾರ್ಲ್ ಮೆಯರ್ ಮತ್ತು ಜಾನ್ ಪಾಮರ್ ಎಂಬವರು ೧೯೩೪ರಲ್ಲಿ ದನದ ಕಣ್ಣಿನೊಳಗಿನ ದ್ರವದಿಂದ ಇದನ್ನು ಮೊದಲ ಬಾರಿಗೆ ಬೇರ್ಪಡಿಸಿದರು. ಜಲಜನಕದ ಪರಮಾಣುವನ್ನು ಒಂದು ಎಂದು ಹಿಡಿದರೆ ಆರೋಗ್ಯದ ಕೀಲಿನಲ್ಲಿ ಈ ಅಣುವಿನ ತೂಕ ಹಲವು ದಶಲಕ್ಷ. ಇಷ್ಟು ಉದ್ದವಾದ ಎಳೆಗಳು ಒಂದರೊಳಗೊಂದು ತೊಡಕಿಕೊಂಡಿರುವುದರಿಂದ ದ್ರವಕ್ಕೆ ವಿಚಿತ್ರವಾದ ಗುಣವೊಂದು ಬರುತ್ತದೆ: ನಿಧಾನವಾಗಿ ನಡೆದಾಗ ಅದು ಎಣ್ಣೆ, ಧುಮುಕಿದಾಗ ರಬ್ಬರು. ನ್ಯೂಟನ್ನನ ನಿಯಮವನ್ನು ಪಾಲಿಸದ ಇಂತಹ ದ್ರವಗಳನ್ನು ಕುರಿತು ಪುಟಗಟ್ಟಲೆ ಬರೆಯುವ ಆಸೆ ನನಗಿದೆಯಾದರೂ ಇಲ್ಲಿ ಅದನ್ನು ಅದುಮಿಕೊಳ್ಳಬೇಕಾಗಿದೆ.

ಏಕೆಂದರೆ, ನನ್ನ ಅಭಿಪ್ರಾಯದಲ್ಲಿ, ಈ ಕೀಲೆಣ್ಣೆಯ ಹೋಲಿಕೆಯೇ ನಮ್ಮನ್ನು ಬಹುಕಾಲ ದಾರಿ ತಪ್ಪಿಸಿದೆ. ಎಣ್ಣೆ ಕೆಟ್ಟರೆ ಒರೆಸಿ ಹೊಸದನ್ನು ಹಾಕಿದರಾಯಿತು. ಗಾಲಿಗೂ ಎಣ್ಣೆಗೂ ಅದಕ್ಕಿಂತ ಹೆಚ್ಚಿನ ಸಂಬಂಧವಿಲ್ಲ. ಕೀಲಿನ ದ್ರವದಲ್ಲಿ ಜೀವಕಣಗಳಿವೆ. ಆರೋಗ್ಯದ ಮೊಣಕಾಲಿನಲ್ಲಿ ಘನ ಮಿಲಿಮೀಟರಿಗೆ ಇನ್ನೂರಕ್ಕಿಂತ ಕಡಮೆ ಬಿಳಿಯ ಕಣಗಳಿರುವುದರಿಂದ, ಮೂರು ಮಿಲಿಲೀಟರಿನಲ್ಲಿ ಹೆಚ್ಚೆಂದರೆ ಆರು ಲಕ್ಷ. ರುಮಟಾಯ್ಡ್ ಸಂಧಿವಾತದಲ್ಲಿ ಇದು ಘನ ಮಿಲಿಮೀಟರಿಗೆ ಎರಡು ಸಾವಿರದಿಂದ ಐವತ್ತು ಸಾವಿರದವರೆಗೂ ಏರುತ್ತದೆ. ಇಪ್ಪತ್ತು ಸಾವಿರವೆಂದು ಇಟ್ಟುಕೊಂಡು, ಊದಿದ ಕೀಲಿನಲ್ಲಿ ನಲವತ್ತು ಮಿಲಿಲೀಟರ್ ನೀರಿದೆಯೆಂದರೆ ಎಂಬತ್ತು ಕೋಟಿ ಕಣಗಳಾದವು! ಒಂದು ಮೊಣಕಾಲಿನ ಸಂದಿಯಲ್ಲಿ ಇಷ್ಟೊಂದು ಜೀವಿಗಳು ಸೇರಿ ಮಾಡುವುದೇನು? ಅವು ಅಲ್ಲಿ ಉಸಿರಾಡುತ್ತವೆ, ಉಣ್ಣುತ್ತವೆ, ಕಸ ಚೆಲ್ಲುತ್ತವೆ, ಸಾಯುತ್ತವೆ. ಕೀಲಿನ ದ್ರವ ಅವುಗಳ ಪಾಲಿಗೆ ಗಾಳಿ, ನೀರು, ನೆಲ ಎಲ್ಲವೂ ಆಗಿದೆ.

ರೋಗದ ಸ್ವರೂಪವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಬಿಳಿಯ ರಕ್ತಕಣಗಳು ನಮ್ಮ ದೇಹದ ಕಾವಲುಗಾರರಷ್ಟೆ. ಈ ರೋಗದಲ್ಲಿ ಅವು ಪರಕೀಯವೆಂದು ಭ್ರಮಿಸಿ ನಮ್ಮದೇ ಅಂಗಾಂಶದ ಮೇಲೆ ಬೀಳುತ್ತವೆ. ನಾರ್ವೆಯ ಎರಿಕ್ ವಾಲರ್ ೧೯೪೦ರಲ್ಲಿ ವರ್ಣಿಸಿದ 'ರುಮಟಾಯ್ಡ್ ಫ್ಯಾಕ್ಟರ್' ಎಂಬುದು, ನಮ್ಮದೇ ಪ್ರತಿಕಾಯಗಳ ವಿರುದ್ಧ ನಾವೇ ತಯಾರಿಸುವ ಪ್ರತಿಕಾಯ. ಸಿಟ್ರುಲಿನ್ ಎಂಬ ಅಂಶವುಳ್ಳ ಪ್ರೋಟೀನುಗಳ ವಿರುದ್ಧ ಹುಟ್ಟುವ ಇನ್ನೊಂದು ಬಗೆಯ ಪ್ರತಿಕಾಯವನ್ನು ಈಗ ಹೆಚ್ಚು ನಂಬುತ್ತಾರೆ. (ಸಿಟ್ರುಲಿನ್ ಮೊದಲು ಸಿಕ್ಕಿದ್ದು ಕಲ್ಲಂಗಡಿಯ ರಸದಲ್ಲಿ, ಆ ಹಣ್ಣಿನ ಶಾಸ್ತ್ರೀಯ ನಾಮದಿಂದಲೇ ಅದಕ್ಕೆ ಆ ಹೆಸರು. ಇದರಿಂದ ಕಲ್ಲಂಗಡಿ ತಿಂದರೆ ಕೀಲುನೋವು ಬರುವುದೆಂದು ಯಾರೂ ಸುದ್ದಿ ಹಬ್ಬಿಸಬಾರದು!) ಈ ಪರೀಕ್ಷೆಗಳೆಲ್ಲ ರಕ್ತದ ಪರೀಕ್ಷೆಗಳು. ಅವು ಉಪಯುಕ್ತವೇ. ಆದರೆ ರುಮಟಾಯ್ಡ್ ಫ್ಯಾಕ್ಟರ್ ಇದ್ದವರೆಲ್ಲರಿಗೂ ರೋಗವಿರುವುದಿಲ್ಲ. ರೋಗಿಗಳಲ್ಲಿಯೂ ಸುಮಾರು ನಾಲ್ಕರಲ್ಲಿ ಒಬ್ಬರ ರಕ್ತದಲ್ಲಿ ಅದು ಕಾಣುವುದಿಲ್ಲ. ಚೀಟಿಯಲ್ಲಿ 'ಇಲ್ಲ' ಎಂದು ಬಂದಿತೆಂದು ನಿಶ್ಚಿಂತರಾಗಿ ಮನೆಗೆ ಮರಳಿ, ಬೆರಳುಗಳನ್ನು ಕಳೆದುಕೊಂಡವರುಂಟು. ಯುದ್ಧ ನಡೆದಿರುವುದು ಕೀಲಿನಲ್ಲಿ. ಹೆದ್ದಾರಿಯ ಮೇಲೆ ನಿಂತು ಎಣಿಸಿದರೆ ಅದರ ಅರ್ಧ ಸುದ್ದಿ ಮಾತ್ರ ತಿಳಿದೀತು.

ಇನ್ನು ಕೀಲಿನೊಳಕ್ಕೆ ಇಳಿಯೋಣ. ಡೆನ್ಮಾರ್ಕಿನ ಲುಂಡ್-ಓಲೆಸೆನ್ ಎಂಬವರು ೧೯೭೦ರಲ್ಲಿ ಕೀಲಿನ ದ್ರವದಲ್ಲಿರುವ ಆಮ್ಲಜನಕದ ಒತ್ತಡವನ್ನು ಅಳೆದರು. ಪೆಟ್ಟು ತಗುಲಿ ನೀರು ತುಂಬಿದ ಕೀಲುಗಳಲ್ಲಿ ಅದು ಅರುವತ್ತು ಮಿಲಿಮೀಟರ್ ಪಾದರಸದ ಆಸುಪಾಸಿನಲ್ಲಿತ್ತು. ರುಮಟಾಯ್ಡ್ ಸಂಧಿವಾತದ ಕೀಲುಗಳಲ್ಲಿ ಸರಾಸರಿ ಇಪ್ಪತ್ತೇಳು! ಶುದ್ಧರಕ್ತದಲ್ಲಿ ಇದು ನೂರರ ಸಮೀಪವಿರುವುದನ್ನು ನೆನೆದರೆ, ರಕ್ತದಿಂದ ಕೀಲಿಗೆ ಇಳಿದ ಕಣವೊಂದು ಬಯಲಿನಿಂದ ಹೊಗೆ ತುಂಬಿದ ಕೋಣೆಗೆ ಬಂದಂತಾಯಿತು. ಆಮ್ಲಜನಕ ಸಾಲದಾಗ ಕಣಗಳು ಸಕ್ಕರೆಯನ್ನು ಅರೆಬರೆಯಾಗಿ ಒಡೆದು ಲ್ಯಾಕ್ಟಿಕ್ ಆಮ್ಲವನ್ನು ಚೆಲ್ಲುತ್ತವೆ. ಆದಕಾರಣ ಆ ದ್ರವದಲ್ಲಿ ಸಕ್ಕರೆ ಕಡಮೆ, ಹುಳಿ ಹೆಚ್ಚು.

ಇದರ ಮೇಲೆ ಒತ್ತಡದ ಸಂಗತಿಯೊಂದಿದೆ. ಆರೋಗ್ಯದ ಕೀಲಿನೊಳಗಿನ ಒತ್ತಡ ಹೊರಗಿನ ವಾಯುವಿನ ಒತ್ತಡಕ್ಕಿಂತ ತುಸು ಕಡಮೆಯೇ ಇರುತ್ತದೆ. ನೀರು ತುಂಬಿದ ಕೀಲಿನಲ್ಲಿ ಅದು ಹೆಚ್ಚಾಗುತ್ತದೆ. ತೊಡೆಯ ಸ್ನಾಯುಗಳನ್ನು ಬಿಗಿಹಿಡಿದು ಎದ್ದಾಗ ಇನ್ನೂ ಏರಿ, ಒಳಪೊರೆಯ ಸೂಕ್ಷ್ಮ ರಕ್ತನಾಳಗಳನ್ನೇ ಅದುಮಿಬಿಡುತ್ತದೆ. ಮತ್ತೆ ಕುಳಿತಾಗ ರಕ್ತ ಒಮ್ಮೆಗೇ ನುಗ್ಗುತ್ತದೆ. ಹೀಗೆ ಆಮ್ಲಜನಕ ನಿಂತು ನಿಂತು ಬರುವುದರಿಂದ ಉಗ್ರವಾದ ರಾಸಾಯನಿಕ ತುಣುಕುಗಳು ಹುಟ್ಟುತ್ತವೆಂದು ಇಂಗ್ಲೆಂಡಿನ ಬ್ಲೇಕ್ ಮತ್ತು ಸಂಗಡಿಗರು ೧೯೮೯ರಲ್ಲಿ ತೋರಿಸಿದರು. ವ್ಯಾಯಾಮವೇ ಬೇಡವೆಂಬುದು ಇದರ ಅರ್ಥವಲ್ಲ. ಊತವನ್ನು ಇಳಿಸಿಕೊಳ್ಳದೆ ದೇಹವನ್ನು ದಂಡಿಸುವುದರಿಂದ ಹಾನಿಯಾಗಬಹುದೆಂದಷ್ಟೇ ತಿಳಿಯಬೇಕು.

ಕೀಲಿನ ಉಷ್ಣತೆಯೂ ಲೆಕ್ಕಕ್ಕೆ ಬರುತ್ತದೆ. ಮೊಣಕಾಲು ಸಾಮಾನ್ಯವಾಗಿ ದೇಹದ ಒಡಲಿಗಿಂತ ತಣ್ಣಗೆ, ಸುಮಾರು ೩೩ ಡಿಗ್ರಿಯಷ್ಟು, ಇರುತ್ತದೆ. ಉರಿಯೂತವಾದಾಗ ಅದು ೩೬ಕ್ಕೆ ಏರಬಹುದು. ಮೂರೇ ಡಿಗ್ರಿಯಲ್ಲವೆ ಎನ್ನಬೇಡಿ. ಮೃದ್ವಸ್ಥಿಯ ಎಳೆಗಳನ್ನು ಕತ್ತರಿಸುವ ಕಿಣ್ವವು ಆ ಮೂರು ಡಿಗ್ರಿಗಳಲ್ಲಿ ಹೆಚ್ಚುಕಡಮೆ ನಾಲ್ಕು ಪಟ್ಟು ಚುರುಕಾಗುತ್ತದೆಂದು ೧೯೭೪ರಲ್ಲಿ ಹ್ಯಾರಿಸ್ ಮತ್ತು ಮೆಕ್ರಾಸ್ಕರಿ ಅಳೆದು ತೋರಿಸಿದರು.

ಈಗ ಮುಖ್ಯ ಪ್ರಶ್ನೆ. ಇಂತಹ ನೀರಿನಲ್ಲಿ ಬಿದ್ದ ರಕ್ಷಕ ಕಣಗಳ ನಡತೆ ಹೇಗಾಗುತ್ತದೆ?

ಮೊದಲು ಹಯಲುರೊನಿಕ್ ಆಮ್ಲವನ್ನೇ ನೋಡಿ. ಅದರ ನೀಳ ಸರಪಳಿಗಳ ದಟ್ಟವಾದ ದ್ರಾವಣದಲ್ಲಿ ಭಕ್ಷಕ ಕಣಗಳ ನುಂಗುವ ಚಟುವಟಿಕೆ ತಗ್ಗುತ್ತದೆಂದು ಫಾರೆಸ್ಟರ್ ಮತ್ತು ಬಲಾಜ್ ೧೯೮೦ರಲ್ಲಿ ಕಂಡುಕೊಂಡರು. ಎಂದರೆ ಆರೋಗ್ಯದ ದ್ರವವು ತನ್ನ ಅಂಟುತನದಿಂದಲೇ ಕಾವಲುಗಾರರನ್ನು ಸಮಾಧಾನದಲ್ಲಿ ಇಟ್ಟಿರುತ್ತದೆ. ಆದರೆ ಕೆರಳಿದ ಬಿಳಿಯ ಕಣಗಳು ಸೂಪರಾಕ್ಸೈಡ್ ಎಂಬ ಉಗ್ರ ರೂಪದ ಆಮ್ಲಜನಕವನ್ನು ಹೊರಸೂಸುತ್ತವೆ. ಅದು ಈ ಸರಪಳಿಗಳನ್ನು ತುಂಡರಿಸಿ ದ್ರವವನ್ನು ನೀರಾಗಿಸಬಲ್ಲುದೆಂಬುದನ್ನು ಜೋ ಮೆಕಾರ್ಡ್ ೧೯೭೪ರಲ್ಲಿಯೇ ತೋರಿಸಿದ್ದನು. ನಮ್ಮ ಅತ್ತೆಯವರ ಹನಿ ಎಳೆಯಾಗದೆ ತೊಟ್ಟಿಕ್ಕಿದ ರಹಸ್ಯ ಇದೇ. ಇಷ್ಟಕ್ಕೆ ಮುಗಿದಿದ್ದರೆ ಒಳ್ಳೆಯದಿತ್ತು. ತುಂಡಾದ ಚಿಕ್ಕ ಸರಪಳಿಗಳು ಸುಮ್ಮನಿರುವುದಿಲ್ಲ. ಉದ್ದವಾಗಿದ್ದಾಗ ಸಂತೈಸುತ್ತಿದ್ದ ವಸ್ತುವೇ ಚೂರಾದಾಗ ಕಣಗಳನ್ನು ಕೆರಳಿಸುತ್ತದೆ, ಗಾಯವಾದಾಗ ಕೇಳಿಬರುವ ಕೂಗಿನಂತೆ.

ನ್ಯೂಟ್ರೊಫಿಲ್ ಎಂಬ ಬಿಳಿಯ ಕಣವು ರಕ್ತದಲ್ಲಿ ಬಹಳ ಅಲ್ಪಾಯು. ಕೀಲಿನ ಈ ದ್ರವದಲ್ಲಿ ಆಮ್ಲಜನಕದ ಕೊರತೆಯೂ ಕೆಲವು ಪ್ರೇರಕ ವಸ್ತುಗಳೂ ಸೇರಿ ಅದರ ಆಯುಸ್ಸನ್ನು ಹಿಗ್ಗಿಸುತ್ತವೆ. ಸಾಯಬೇಕಾದ ಸಿಪಾಯಿ ಸಾಯದೆ ಬಾರಿಸುತ್ತಲೇ ಇರುತ್ತಾನೆ. ಸಾಯುವಾಗಲೂ ಕೆಲವೊಮ್ಮೆ ತನ್ನ ಒಡಲಿನ ಎಳೆಗಳನ್ನೇ ಬಲೆಯಂತೆ ಬೀಸುತ್ತಾನೆ. ಆ ಬಲೆಯಲ್ಲಿ ಸಿಟ್ರುಲಿನ್ ಉಳ್ಳ ಪ್ರೋಟೀನುಗಳು ತೂಗಾಡುತ್ತಿದ್ದು, ಪ್ರತಿಕಾಯಗಳಿಗೆ ಹೊಸ ಗುರಿಯನ್ನು ಒದಗಿಸುತ್ತವೆ.

ಲಿಂಫೊಸೈಟುಗಳ ಕಥೆ ಇದಕ್ಕಿಂತ ಸೋಜಿಗದ್ದು. ಟಿ-ಕಣಗಳೆಂಬ ಲಿಂಫೊಸೈಟುಗಳು ಈ ರೋಗದ ಸೂತ್ರಧಾರರಲ್ಲಿ ಸೇರಿದವೆಂದು ಎಣಿಕೆ. ಆದುದರಿಂದ ರೋಗಿಯ ಕೀಲಿನಿಂದ ತೆಗೆದ ಟಿ-ಕಣಗಳು ಬಹಳ ಚುರುಕಾಗಿರಬೇಕೆಂದು ಯಾರಾದರೂ ಊಹಿಸಿಯಾರು. ಪರೀಕ್ಷಿಸಿ ನೋಡಿದರೆ ಅವು ಮಂಕಾಗಿವೆ! ಅದೇ ರೋಗಿಯ ರಕ್ತದಲ್ಲಿರುವ ಟಿ-ಕಣಗಳು ಪ್ರಚೋದನೆಗೆ ಓಗೊಟ್ಟಂತೆ ಕೀಲಿನವು ಓಗೊಡುವುದಿಲ್ಲ. ಹಾಲೆಂಡಿನ ಸಂಶೋಧಕರು ೧೯೯೭ರಲ್ಲಿ ಇದಕ್ಕೆ ಒಂದು ಕಾರಣವನ್ನು ಸೂಚಿಸಿದರು: ಉತ್ಕರ್ಷಣದ ಹೊಡೆತವನ್ನು ತಡೆಯುವ ಗ್ಲುಟಥಯೋನ್ ಎಂಬ ವಸ್ತುವು ಆ ಕಣಗಳಲ್ಲಿ ಬತ್ತಿಹೋಗಿದೆ, ಅದನ್ನು ಮರಳಿ ತುಂಬಿಕೊಟ್ಟರೆ ಕಣಗಳು ಮತ್ತೆ ಸ್ವಲ್ಪ ಎಚ್ಚರಗೊಳ್ಳುತ್ತವೆ. ಹಾಗಾದರೆ ಅವು ನಿರಪಾಯವೆ? ಅದೂ ಇಲ್ಲ. ಇಂಗ್ಲೆಂಡಿನ ಸಂಶೋಧಕರು ೨೦೧೫ ಮತ್ತು ೨೦೧೯ರಲ್ಲಿ ಪ್ರಕಟಿಸಿದಂತೆ, ಲ್ಯಾಕ್ಟಿಕ್ ಆಮ್ಲದ ಲವಣವು ತುಂಬಿದ ಕಡೆ ಈ ಕಣಗಳಿಗೆ ಚಲಿಸುವ ಶಕ್ತಿ ಕುಂದಿ, ಅಲ್ಲಿಂದ ಹೊರಬೀಳಲಾರದೆ ಸಿಕ್ಕಿಹಾಕಿಕೊಳ್ಳುತ್ತವೆ. ಸಿಕ್ಕಿಕೊಂಡಲ್ಲಿಯೇ ಉರಿಯೂತವನ್ನು ಹೆಚ್ಚಿಸುವ ಇಂಟರ್ಲೂಕಿನ್-೧೭ ಎಂಬ ವಸ್ತುವನ್ನು ಹೆಚ್ಚಾಗಿ ತಯಾರಿಸುತ್ತವೆ. ಹೀಗೆ ಒಂದೇ ಕಣವು ಒಂದು ಅಳತೆಯಲ್ಲಿ ಸೋಮಾರಿ, ಇನ್ನೊಂದು ಅಳತೆಯಲ್ಲಿ ಜಗಳಗಂಟಿ.

ಜಾತ್ರೆಯಲ್ಲಿಯೋ ಮದುವೆಯ ಚಪ್ಪರದಲ್ಲಿಯೋ ಮೈಕನ್ನು ಧ್ವನಿವರ್ಧಕದ ಎದುರಿಗೆ ಹಿಡಿದಾಗ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತು. ಸಣ್ಣ ಸದ್ದೊಂದು ಮೈಕಿಗೆ ಹೊಕ್ಕು, ವರ್ಧಕದಿಂದ ದೊಡ್ಡದಾಗಿ ಹೊರಟು, ಮತ್ತೆ ಮೈಕಿಗೆ ಹೊಕ್ಕು, ಕ್ಷಣಾರ್ಧದಲ್ಲಿ ಕಿವಿ ಹರಿಯುವ ಕೀರಲು. ಮೊದಲ ಸದ್ದನ್ನು ಮಾಡಿದವರು ಯಾರೆಂದು ಆಮೇಲೆ ಹುಡುಕಿದರೆ ಫಲವಿಲ್ಲ. ಅವರು ಎದ್ದುಹೋದ ಮೇಲೂ ಕೂಗು ನಿಲ್ಲದು. ಕೀಲಿನಲ್ಲಿ ನಡೆಯುವುದು ಇಂತಹುದೇ. ಕಣಗಳು ನೀರನ್ನು ಕೆಡಿಸುತ್ತವೆ, ಕೆಟ್ಟ ನೀರು 'ಇನ್ನಷ್ಟು' ಎಂದು ಕಣಗಳನ್ನು ಕರೆಯುತ್ತದೆ. ಈ ಸುತ್ತು ಒಮ್ಮೆ ತಿರುಗತೊಡಗಿದ ಮೇಲೆ ಮೂಲಕಾರಣದ ಹಂಗು ಅದಕ್ಕೆ ಹೆಚ್ಚಾಗಿ ಉಳಿಯುವುದಿಲ್ಲ. ರೋಗ ಮರುಕಳಿಸುವಾಗ ಹಿಂದೆ ಊದಿದ್ದ ಕೀಲುಗಳನ್ನೇ ಮತ್ತೆ ಮತ್ತೆ ಹಿಡಿಯುವುದಕ್ಕೆ ಅಲ್ಲಿ ಮನೆಮಾಡಿಕೊಂಡು ಉಳಿದ ಟಿ-ಕಣಗಳೂ, ಹಳೆಯ ಉರಿಯ ನೆನಪನ್ನು ಉಳಿಸಿಕೊಂಡ ಒಳಪೊರೆಯ ಕಣಗಳೂ ಕಾರಣವೆಂದು ಈಚಿನ ಸಂಶೋಧನೆಗಳು ಹೇಳುತ್ತವೆ.

ಇಷ್ಟನ್ನು ತಿಳಿದ ಮೇಲೆ, ೨೦೨೦ರ ಮಹಾಮಾರಿಯ ತರುವಾಯ ನಮ್ಮಲ್ಲಿ ಬೀದಿ ಬೀದಿಗೂ ಬಂದಿರುವ 'ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಳ್ಳಿ' ಎಂಬ ಘೋಷಣೆಯನ್ನು ಕೇಳಿದಾಗ ನನಗೆ ಕಸಿವಿಸಿಯಾಗುತ್ತದೆ. ಕೀಲುನೋವಿನವರಿಗೂ ಅದೇ ಕಷಾಯ, ಅದೇ ಪುಡಿ, ಅದೇ ಮಾತು. ಯಾವ ಶಕ್ತಿಯನ್ನು ಹೆಚ್ಚಿಸಬೇಕು? ಮಂಕಾದ ಟಿ-ಕಣಗಳದ್ದೋ, ಸಾಯಲೊಲ್ಲದ ನ್ಯೂಟ್ರೊಫಿಲ್ಲುಗಳದ್ದೋ? ಈ ಶಕ್ತಿಯೆಂಬುದು ಉಷ್ಣಮಾಪಕದ ಪಾದರಸದಂತೆ ಮೇಲೆ ಕೆಳಗೆ ಆಡುವ ಒಂದೇ ಸಂಖ್ಯೆಯೆಂದು ತಿಳಿಯುವುದೇ ಮೊದಲ ತಪ್ಪು. ಕಣವೊಂದು ಏನು ಮಾಡುತ್ತದೆಂಬುದು ಅದು ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ಬ್ಯಾಡಗಿಯವರಿಗೆ ಇದನ್ನು ನಾನು ಹೇಳಿಕೊಡಬೇಕಾದುದಿಲ್ಲ. ಇದೇ ಬೀಜವನ್ನು ಬೇರೆ ಸೀಮೆಗೆ ಒಯ್ದು ಬಿತ್ತಿದರೆ ಇಲ್ಲಿಯ ಬಣ್ಣ ಬಾರದೆಂದು ನಮ್ಮ ರೈತರೂ ದಲಾಲರೂ ಹೇಳುತ್ತಲೇ ಬಂದಿದ್ದಾರೆ. ಭೌಗೋಳಿಕ ಗುರುತು ಎಂಬುದರ ತಿರುಳೂ ಅದೇ. ಕಾಯಿಯ ವಿಷಯದಲ್ಲಿ ನೆಲದ ಗುಣವನ್ನು ಒಪ್ಪುವ ನಾವು ಕೀಲಿನ ವಿಷಯದಲ್ಲಿ ಏಕೆ ಮರೆಯಬೇಕು?

ಕೀಲಿನೊಳಕ್ಕೇ ನೋಡಿದವರಿಗೆ ಫಲವೂ ದೊರೆತಿದೆ. ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ (ಇವರು ಹುಟ್ಟಿದ್ದು ನಮ್ಮ ಲುಧಿಯಾನದಲ್ಲಿ) ಅವರ ತಂಡವು ರೋಗಿಗಳ ಕೀಲಿನ ಒಳಪೊರೆಯ ಕಣಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಅವು ಸ್ರವಿಸುವ ಹತ್ತಾರು ಪ್ರೇರಕ ವಸ್ತುಗಳಲ್ಲಿ ಟಿ.ಎನ್.ಎಫ್. ಎಂಬುದೊಂದನ್ನು ತಡೆದರೆ ಇತರ ಕೆಲವು ತಾವಾಗಿ ತಗ್ಗುತ್ತವೆಂದು ೧೯೮೯ರಲ್ಲಿ ಕಂಡಿತು. ಮೈಕಿನ ತಂತಿಯನ್ನು ಕಿತ್ತ ಹಾಗೆ! ೧೯೯೨ರಲ್ಲಿ ಮೊದಲ ರೋಗಿಗಳಿಗೆ ಆ ಚಿಕಿತ್ಸೆ ದೊರೆಯಿತು. ಅದು ದುಬಾರಿ. ಆದರೆ ಇಂದಿಗೂ ಚಿಕಿತ್ಸೆಯ ಬುನಾದಿಯಾಗಿರುವ ಮೆಥೋಟ್ರೆಕ್ಸೇಟ್ ಅಗ್ಗದ ಗುಳಿಗೆ. ಭೀಮಾವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾಯರ ಪ್ರಯೋಗಶಾಲೆಯ ಕೊಡುಗೆ ಅದು. ಅದನ್ನು ವಾರಕ್ಕೆ ಒಂದು ದಿನ ಮಾತ್ರ ಸೇವಿಸಬೇಕು, ದಿನವೂ ನುಂಗಿದರೆ ಪ್ರಾಣಾಪಾಯವುಂಟು, ಗರ್ಭಿಣಿಯರಿಗೆ ಸಲ್ಲದು, ನಡುನಡುವೆ ರಕ್ತಪರೀಕ್ಷೆ ಬೇಕು. ಆದುದರಿಂದ ವೈದ್ಯರ ಕಣ್ಣಿನ ಕೆಳಗೇ ಅದರ ಸೇವನೆ ನಡೆಯಬೇಕು.

ಹಳ್ಳಿಗಳಲ್ಲಿ ಮಾತಿಲ್ಲದೆ ಚುಚ್ಚುವ ಸ್ಟಿರಾಯ್ಡ್ ಸೂಜಿಯ ಬಗ್ಗೆಯೂ ನ್ಯಾಯವಾಗಿ ಮಾತನಾಡಬೇಕು. ಫಿಲಿಪ್ ಹೆಂಚ್ ೧೯೪೮ರಲ್ಲಿ ಕಾರ್ಟಿಸೋನನ್ನು ಮೊದಲ ರೋಗಿಗೆ ಕೊಟ್ಟಾಗ, ಹಾಸಿಗೆ ಹಿಡಿದಿದ್ದವಳು ಎದ್ದು ನಡೆದಳು. ೧೯೫೦ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಇಂದಿಗೂ ತಜ್ಞರು ಅದನ್ನು ಅಳೆದು ತೂಗಿ, ಸ್ವಲ್ಪ ಕಾಲ ಉಪಯೋಗಿಸುತ್ತಾರೆ. ಹೆಸರು ಹೇಳದೆ ತಿಂಗಳುಗಟ್ಟಲೆ ಅದನ್ನೇ ಚುಚ್ಚಿದರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ: ಕೂಗು ಅಡಗಿದಂತೆ ತೋರಿ, ಸುತ್ತು ಒಳಗೇ ತಿರುಗುತ್ತ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಮೊದಲಿನ ಕೆಲವು ತಿಂಗಳುಗಳು ಕೈಬಿಟ್ಟುಹೋಗುತ್ತವೆ. ೨೦೦೬ರಲ್ಲಿ ಕರ್ನಾಟಕದಲ್ಲೆಲ್ಲ ಚಿಕೂನ್‌ಗುನ್ಯ ಹಬ್ಬಿದಂದಿನಿಂದ ಇನ್ನೊಂದು ನೆಪವೂ ಸೇರಿದೆ; ಕೀಲು ಹಿಡಿದವರೆಲ್ಲ "ಆ ಜ್ವರದ್ದೇ ಉಳಿಕೆ" ಎಂದು ಕಾಯುತ್ತಾರೆ. ಎರಡು ಕೈಗಳ ಸಣ್ಣ ಕೀಲುಗಳು ಊದಿ, ಮುಂಜಾನೆಯ ಬಿಗಿತ ಅರ್ಧ ಗಂಟೆಗೂ ಮೀರಿ ಉಳಿದು, ಹೀಗೆ ಆರು ವಾರ ಕಳೆದರೆ ಕಾಯುವುದು ತರವಲ್ಲ.

ನಮ್ಮ ಜಿಲ್ಲೆಯಲ್ಲಿ ಇಂತಹವರು ಎಷ್ಟು ಮಂದಿ ಇರಬಹುದು? ದಿಲ್ಲಿಯ ಸಮೀಪದ ಬಲ್ಲಭಗಢದ ಹಳ್ಳಿಗಳಲ್ಲಿ ಮಾಲವೀಯ ಮತ್ತು ಸಂಗಡಿಗರು ನಡೆಸಿ ೧೯೯೩ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ ಮುಕ್ಕಾಲು ಪಾಲು. ೨೦೧೧ರ ಜನಗಣತಿಯಲ್ಲಿ ಹಾವೇರಿ ಜಿಲ್ಲೆಯ ಜನಸಂಖ್ಯೆ ಸುಮಾರು ಹದಿನಾರು ಲಕ್ಷ. ವಯಸ್ಕರು ಹತ್ತು ಲಕ್ಷವೆಂದು ಹಿಡಿದು ಅದೇ ಪ್ರಮಾಣವನ್ನು ಅನ್ವಯಿಸಿದರೆ ಏಳು ಸಾವಿರದ ಐನೂರು ಮಂದಿ. ಇದು ನನ್ನ ಬರಿಯ ಅಂದಾಜು. ಅರ್ಧಕ್ಕೆ ಇಳಿಸಿದರೂ ಸಣ್ಣ ಸಂಖ್ಯೆಯಲ್ಲ. ಇವರಿಗಾಗಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನ ಕೀಲುರೋಗದ ತಜ್ಞರು ಕುಳಿತುಕೊಳ್ಳುವಂತಾಗಬೇಕು ಎಂಬುದು ನನ್ನ ವಾದ. ಜೊತೆಗೆ, ಊದಿದ ಕೀಲಿನ ನೀರನ್ನು ತೆಗೆದಾಗ ಅದನ್ನು ಚೆಲ್ಲದೆ ನೋಡುವ ಪದ್ಧತಿ ಬೆಳೆಯಬೇಕು. ಎಲ್ಲರಿಗೂ ಇದು ಬೇಕಾಗುವುದಿಲ್ಲ, ಬೆರಳಿನ ಕೀಲಿನಿಂದ ನೀರು ತೆಗೆಯುವುದು ಸುಲಭವೂ ಅಲ್ಲ. ಆದರೆ ಒಂದೇ ಮೊಣಕಾಲು ಒಮ್ಮೆಗೇ ಊದಿದವನಿಗೆ ಕೀವಾಗಿದೆಯೋ, ಯೂರಿಕ್ ಆಮ್ಲದ ಹರಳುಗಳಿವೆಯೋ, ಸಂಧಿವಾತವೋ ಎಂಬುದನ್ನು ಹೇಳಲು ಆ ಹನಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಕಣಗಳನ್ನು ಎಣಿಸಲು ಸಾಧಾರಣ ಸೂಕ್ಷ್ಮದರ್ಶಕ ಸಾಕು. ಹರಳುಗಳನ್ನು ಮೆಕಾರ್ಟಿ ಮತ್ತು ಹೊಲಾಂಡರ್ ೧೯೬೧ರಲ್ಲಿ ಗುರುತಿಸಿದ್ದು ಧ್ರುವೀಕೃತ ಬೆಳಕಿನಿಂದ. ನಮ್ಮ ಪದವಿ ತರಗತಿಗಳ ಪ್ರಯೋಗಶಾಲೆಯ ಕಪಾಟಿನಲ್ಲಿ ಧೂಳು ತಿನ್ನುತ್ತಿರುವ ಪೋಲರಾಯ್ಡ್ ಹಾಳೆಗಳ ಕೆಲಸವೇ ಅದು. ಬಿ.ಎಸ್‌ಸಿ. ಮುಗಿಸಿದ ಹುಡುಗಿಯೊಬ್ಬಳಿಗೆ ಒಂದು ವಾರದಲ್ಲಿ ಇದನ್ನು ಕಲಿಸಬಹುದು. ರೋಗಿಯನ್ನು ಹುಬ್ಬಳ್ಳಿಗೋ ದಾವಣಗೆರೆಗೋ ಕಳುಹಿಸುವ ಮೊದಲು ಕಳುಹಿಸಬೇಕಾದವರು ಯಾರೆಂಬುದಾದರೂ ಆಗ ತಿಳಿದೀತು.

ಸಂಕರ ಬೀಜದ ಹೊಲದಲ್ಲಿ ಪರಾಗ ಮುಟ್ಟಿಸುವ ಹೊತ್ತು ಮುಂಜಾನೆ. ಬಿಸಿಲೇರಿದ ಮೇಲೆ ಬೆರಳು ಸಡಿಲವಾದರೇನು ಬಂತು, ಹೂವು ಕಾಯುವುದಿಲ್ಲ. ಅಂದಿನ ಕೂಲಿಯೂ ಕಾಯುವುದಿಲ್ಲ. ಅಂತಹವಳಿಗೆ ಎಂಟು ತಿಂಗಳು ಎಂದರೆ ಒಂದು ಇಡೀ ಹಂಗಾಮು.

ನಮ್ಮ ಅತ್ತೆಯವರಿಗೆ ಚಿಕಿತ್ಸೆ ಆರಂಭವಾಗಿ ಎರಡು ವರ್ಷಗಳಾದವು. ಪ್ರತಿ ರವಿವಾರ ಗುಳಿಗೆ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಮೊಣಕಾಲು ಇಳಿದಿದೆ, ಬಟ್ಟಲನ್ನು ಒಂದೇ ಕೈಯಲ್ಲಿ ಹಿಡಿಯುತ್ತಾರೆ. ಬಲಗೈಯ ಕಿರುಬೆರಳು ಮಾತ್ರ ಬಾಗಿದ್ದು ಬಾಗಿದಂತೆಯೇ ಉಳಿಯಿತು. ಕಳೆದ ಸುಗ್ಗಿಯಲ್ಲಿ ಮತ್ತೆ ರಾಶಿಯ ಬದಿಗೆ ಕುಳಿತವರನ್ನು ನಾನು ಅದರ ವಿಷಯ ಕೇಳಿದೆ. "ತೊಟ್ಟ ಬಿಡಸಾಕ ಕಿರಿಬೆರಳ ಬೇಕಾಗೂದಿಲ್ಲ ಬಿಡೋ ತಮ್ಮಾ" ಎಂದು ಕೈಯಾಡಿಸುತ್ತಲೇ ಹೇಳಿದರು.